ಹಣತೆಗಳ ಮೇಲಿನ ತಿಪ್ಪೆ

ಹುಕ್ಕೇರಿಯ ಔಷಧಿ ಅಂಗಡಿಗಳಲ್ಲಿ ಇನ್ಸುಲಿನ್ ಸಿಗುತ್ತದೆ, ಅದನ್ನು ಚುಚ್ಚಿಕೊಳ್ಳುವ ಪೆನ್ನು ಸಿಗುತ್ತದೆ, ಪೆನ್ನಿಗೆ ಹಾಕುವ ಸೂಜಿಗಳೂ ಸಿಗುತ್ತವೆ. ಚುಚ್ಚಿಕೊಂಡ ಸೂಜಿಯನ್ನು ಹಾಕಿಡಲು ಒಂದು ಗಟ್ಟಿ ಡಬ್ಬಿ ಕೊಡಿ ಎಂದರೆ ಮಾತ್ರ ಅಂಗಡಿಯವರು ಒಮ್ಮೆ ಕಪಾಟಿನ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಾರೆ. ಒಬ್ಬರು ಪೆನ್ನು ಇಡುವ ಚೀಲ ತೋರಿಸಿದರು. ಇನ್ನೊಬ್ಬರು, ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿಬಿಡಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದರು. ಎಲ್ಲರೂ ಮಾಡುತ್ತಾರೆ ಎಂಬ ಮಾತು ನನ್ನ ಮುಂದೆ ನಡೆಯುವುದಿಲ್ಲ. ನಾನು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು. ಊಟಕ್ಕೆ ಮುಂಚೆ ಹುಡುಗಿಯರು ಸಾಲಾಗಿ ನಿಂತು ಎರಡೂ ಕೈ ಚಾಚಬೇಕು, ನಾನು ಅಂಗೈ ನೋಡಬೇಕು, ಉಗುರು ನೋಡಬೇಕು, ಆಮೇಲೆ ತಟ್ಟೆ. ಆ ನಿಯಮವನ್ನು ಒಂದು ದಿನವೂ ತಪ್ಪಿಸಲಿಲ್ಲ.

ಮೊದಮೊದಲು ನನ್ನ ಸೂಜಿಗಳನ್ನು ಖಾಲಿಯಾದ ಫಿನಾಯಿಲ್ ಕ್ಯಾನಿಗೆ ಹಾಕುತ್ತಿದ್ದೆ. ಕ್ಯಾನು ತುಂಬಿತು. ತುಂಬಿದ್ದನ್ನು ಎಲ್ಲಿ ಕೊಡುವುದು? ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಕೊನೆಗೆ ಗೋಕಾಕದಲ್ಲಿ ನಾನು ರಕ್ತ ಪರೀಕ್ಷೆ ಮಾಡಿಸುವ ಲ್ಯಾಬಿನವರು ದಾರಿ ತೋರಿಸಿದರು. ಅವರ ಸೂಜಿಗಳನ್ನು ಒಯ್ಯಲು ಗಾಡಿ ಬರುತ್ತದೆ, ನನ್ನದನ್ನೂ ಅದರ ಜೊತೆ ಕಳಿಸುತ್ತಾರೆ. ಬದಲಿಗೆ ಖಾಲಿ ಡಬ್ಬಿ ಕೊಡುತ್ತಾರೆ. ಬಿಳಿ, ದಪ್ಪ, ಮುಚ್ಚಳದಲ್ಲಿ ಬೆರಳು ಹೋಗದಷ್ಟು ಚಿಕ್ಕ ಕಿಂಡಿ. ಅಂದಿನಿಂದ ತುಂಬಿದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಗೋಕಾಕದ ಬಸ್ಸು ಹತ್ತುವುದು ನನ್ನ ರೂಢಿ. ಏನ್ರಿ ಇದು ಎಂದು ಪಕ್ಕದವರು ಕೇಳಿದರೆ ಉಪ್ಪಿನಕಾಯಿ ಎನ್ನುತ್ತೇನೆ. ಸೂಜಿ ಎಂದರೆ ಸೀಟು ಬಿಟ್ಟು ಏಳುತ್ತಾರೆ.

ಈ ಬೇಸಿಗೆಯಲ್ಲಿ ಲ್ಯಾಬಿನಿಂದ ಎರಡು ಡಬ್ಬಿ ಕೇಳಿ ಪಡೆದೆ. ಎರಡನೆಯದು ನನ್ನ ತಮ್ಮನಿಗೆ. ಅವನು ತುಕ್ಕಾನಟ್ಟಿಯಲ್ಲಿ ಹೊಲ ಮಾಡಿಕೊಂಡಿದ್ದಾನೆ. ಕಳೆದ ದೀಪಾವಳಿ ಮುಗಿದ ಮೇಲೆ ಮೂಡಲಗಿಯ ಡಾಕ್ಟರು ಅವನಿಗೂ ಇನ್ಸುಲಿನ್ ಶುರು ಮಾಡಿದರು. ಸೂಜಿ ಎಲ್ಲೆಂದರಲ್ಲಿ ಒಗೆಯಬೇಡ ಎಂದು ನಾನು ಫೋನಿನಲ್ಲಿ ಹೇಳಿದಾಗಲೆಲ್ಲ ಹೂಂ ಎನ್ನುತ್ತಿದ್ದ. ಅವನ ಹೂಂ ಮೇಲೆ ನನಗೆ ಚಿಕ್ಕಂದಿನಿಂದಲೂ ನಂಬಿಕೆಯಿಲ್ಲ. ಗೋಕಾಕದಿಂದ ನೇರವಾಗಿ ಅವನ ಊರಿಗೇ ಹೋದೆ.

ನಾನು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮನೆಯ ಮುಂದೆ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಅರಿಶಿನ ಹಾಕುವ ಹೊಲಕ್ಕೆ ಮರುದಿನ ಬೆಳಿಗ್ಗೆ ಗೊಬ್ಬರ ಹೊಡೆಯುವುದೆಂದು ತಮ್ಮ ಹೇಳಿದ. ಕೂಲಿ ಹೆಂಗಸರು ಬರುವವರಿದ್ದರು. ನಾನು ನೀರು ಕುಡಿದು, ಡಬ್ಬಿಯನ್ನು ಅವನ ಕೈಗಿಟ್ಟು, ಇಷ್ಟು ದಿನ ಸೂಜಿ ಎಲ್ಲಿ ಹಾಕುತ್ತಿದ್ದೆ ಎಂದು ಕೇಳಿದೆ. ಅವನು ಹೆಂಡತಿಯ ಕಡೆ ನೋಡಿದ. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು, ಒಂದೂ ಹೊರಗೆ ಒಗೆದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದಳು.

"ಓಣ್ಯಾಗ ಒಗದ್ರ ಹುಡುಗೂರ ಕಾಲಿಗೆ ನಟ್ಟಾವು ಅಂತ ನಾನು ಕಸದ ಬುಟ್ಯಾಗ ಹಾಕಿ ನಮ್ಮ ತಿಪ್ಪಿಗೇ ಹಾಕೇನಿ ಅಕ್ಕಾರ. ದಿನಾ ಹಂಗ."

ನಗರದಲ್ಲಿ ಕಸ ಕಸವಾಗಿ ಹೋಗುತ್ತದೆ. ಇಲ್ಲಿ ಮನೆ ಗುಡಿಸಿದ ಕಸ, ಬೂದಿ, ಸಗಣಿ ಎಲ್ಲವೂ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಹೊಲದಲ್ಲಿ ಹೆಂಗಸರು ಬರಿಗಾಲಲ್ಲಿ ನಿಂತು, ಬುಟ್ಟಿ ತುಂಬಿಕೊಂಡು, ಹೆಂಟೆಗಳನ್ನು ಬರಿಗೈಯಲ್ಲಿ ಪುಡಿ ಮಾಡಿ ಚೆಲ್ಲುತ್ತಾರೆ. ಪೆನ್ನಿನ ಸೂಜಿಗೆ ತೊಗರಿ ಕಾಳಿನಷ್ಟು ಬುಡ, ಅದರ ತುದಿಯಲ್ಲಿ ಕೂದಲಿನಷ್ಟು ಸಪೂರ ಮೊನೆ. ಸಗಣಿಯ ಹೆಂಟೆಯೊಳಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೈಗೆ ಮಾತ್ರ ಸಿಗುತ್ತದೆ.

ನಾಳೆ ಗೊಬ್ಬರ ಎತ್ತಕೂಡದು ಎಂದೆ. ತಮ್ಮ ಮೊದಲು ನಕ್ಕ, ಆಮೇಲೆ ಸಿಟ್ಟಾದ. ಟ್ರ್ಯಾಕ್ಟರ್ ನಾಳೆ ಒಂದೇ ದಿನ ಸಿಗುವುದು, ಮಳೆ ಬಂದರೆ ಗಾಡಿ ಹೊಲಕ್ಕಿಳಿಯುವುದಿಲ್ಲ, ಆಳುಗಳು ಕಬ್ಬಿನ ಕೆಲಸಕ್ಕೆ ಹೋಗಿಬಿಡುತ್ತಾರೆ ಎಂದು ಒಂದೊಂದಾಗಿ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಕೊನೆಗೆ ದನಿ ತಗ್ಗಿಸಿದ.

"ಅಕ್ಕಾ, ನೀ ಆಳಿನ ಮುಂದ ಏನೂ ಹೇಳಬ್ಯಾಡ. ತಿಪ್ಪ್ಯಾಗ ಸೂಜಿ ಅದಾವು ಅಂತ ಊರಾಗ ಗೊತ್ತಾದ್ರ ನಮ್ಮ ಗೊಬ್ಬರಕ್ಕ ಯಾವ ಹೆಣಮಗಳೂ ಕೈ ಹಚ್ಚೂದಿಲ್ಲ."

"ಕೈ ಹಚ್ಚಬಾರದು ಅಂತನ ನಾನೂ ಹೇಳಾಕತ್ತೇನಿ," ಎಂದೆ.

ಅವನು ಎದ್ದು ಹಿತ್ತಿಲಿಗೆ ಹೋದ. ಬರಿಗಾಲಲ್ಲಿ. ನಾನು ಹಿಂದೆಯೇ ಹೋಗಿ ಅವನನ್ನು ಕಲ್ಲಿನ ಮೇಲೆ ಕೂರಿಸಿ ಪಾದ ಎತ್ತು ಎಂದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಮುಳ್ಳು ನಟ್ಟರೂ ತಿಳಿಯದಷ್ಟು ಜೋಮು ಹಿಡಿಯುತ್ತದೆ. ದಿನವೂ ಅದೇ ತಿಪ್ಪೆಯ ಮೇಲೆ ಓಡಾಡುವವನು ಅವನು. ಎರಡೂ ಅಂಗಾಲನ್ನು ಬೆರಳಿನಿಂದ ಒತ್ತಿ ನೋಡಿದೆ. ಬಿರುಕುಗಳಿದ್ದವು, ಮಣ್ಣಿತ್ತು, ಬೇರೇನೂ ಇರಲಿಲ್ಲ. ಅವನು ಚಿಕ್ಕವನಿದ್ದಾಗ ಜಾಲಿ ಮುಳ್ಳು ತೆಗೆಸಿಕೊಳ್ಳುತ್ತಿದ್ದ ಹಾಗೆಯೇ ಮುಖ ಬೇರೆ ಕಡೆ ತಿರುಗಿಸಿ ಕೂತಿದ್ದ.

ಅವನ ಹೆಂಡತಿ ಅಷ್ಟು ಹೊತ್ತೂ ತಿಪ್ಪೆಯ ಮುಂದೆ ನಿಂತಿದ್ದಳು. ಅವಳಿಗೆ ನನ್ನ ಮಾತು ಚುಚ್ಚಿತ್ತು. ದೀಪಾವಳಿಗೆ ತಿಪ್ಪೆಯನ್ನೇ ಲಕ್ಷ್ಮಿ ಎಂದು ಅದರ ಮೇಲೆ ಹಣತೆ ಹಚ್ಚಿ, ಹೂ ಇಟ್ಟು ಕೈಮುಗಿಯುವ ಮನೆ ಅದು. ಲಕ್ಷ್ಮಿಯ ಹೊಟ್ಟೆಯಲ್ಲಿ ನಾನೇ ಸೂಜಿ ಹಾಕಿದ ಹಾಗಾಯಿತಲ್ಲ ಎಂದಳು. ಆಮೇಲೆ ಅವಳೇ ನನ್ನ ಕಡೆ ತಿರುಗಿ ಕೇಳಿದಳು.

"ಅಕ್ಕಾರ, ಇವರಿಗೆ ಸೂಜಿ ಚಾಲೂ ಆಗಿದ್ದು ಹಬ್ಬ ಆದ ಮ್ಯಾಲಲ್ಲೇನ್ರಿ? ಹಬ್ಬದ ಹಣತಿ ನಾನು ತಿರುಗಿ ಎತ್ತಿಲ್ಲ. ಅಲ್ಲೇ ಮುಚ್ಚಿ ಹೋಗ್ಯಾವು. ಹಣತಿ ಸಿಗೂ ಮಟ ಮ್ಯಾಲಿಂದ ತಗದ್ರ, ಕೆಳಗಿಂದು ಸ್ವಚ್ಛ ಇರಬೇಕಲ್ಲ?"

ಅವಳ ಮಾತು ಸರಿಯಿತ್ತು. ಹಣತೆಗಳ ಮೇಲಿರುವುದೆಲ್ಲ ಇನ್ನೂ ಕಳಿಯದ ಹಸಿ ಕಸ. ಹೊಲಕ್ಕೆ ಬೇಕಾದ ಹಳೆ ಗೊಬ್ಬರವೆಲ್ಲ ಕೆಳಗೆ. ಎಷ್ಟು ಹಣತೆ ಎಂದೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದಳು. ನಾನು ಗೋಕಾಕದ ಲ್ಯಾಬಿಗೆ ಫೋನು ಮಾಡಿದೆ. ಕಣ್ಣಿಗೆ ಕಂಡ ಸೂಜಿಗಳನ್ನು ಇಕ್ಕಳದಿಂದ ಹಿಡಿದು ಡಬ್ಬಿಗೆ ಹಾಕಿ, ಮೇಲಿನ ಕಸವನ್ನು ಯಾರೂ ಅಗೆಯದ ಕಡೆ ಆಳವಾದ ಗುಂಡಿಯಲ್ಲಿ ಮುಚ್ಚಿ ಎಂದರು. ತಮ್ಮ ಗೊಣಗುತ್ತಲೇ ಗುಂಡಿ ತೋಡಲು ಬದುವಿನ ಕಡೆ ಜಾಗ ತೋರಿಸಿದ. ಆದರೆ ಆಳುಗಳಿಗೆ ಹೇಳುವ ಮಾತಿಗೆ ಮಾತ್ರ ಒಪ್ಪಲಿಲ್ಲ.

ಸಂಜೆ ಕೂಲಿ ಗುಂಪಿನ ಹಿರಿಯಳು ಮರುದಿನದ ವೇಳೆ ಗೊತ್ತು ಮಾಡಲು ಬಂದಳು. ನನ್ನ ವಯಸ್ಸಿನವಳೇ, ಕಟ್ಟುಮಸ್ತಾದ ಹೆಂಗಸು. ನಾನು ಮಾತು ಹೊಂದಿಸಿಕೊಳ್ಳುತ್ತಿದ್ದೆ. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಚಹದ ಕಪ್ಪು ಅವಳ ಮುಂದಿಟ್ಟು, ತಾನು ಮಾಡಿದ್ದನ್ನು, ನಾಳೆ ಮಾಡಬೇಕೆಂದಿರುವುದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಆ ಹಿರಿಯಳು ಚಹ ಮುಗಿಸಿ ಕಪ್ಪು ಕೆಳಗಿಟ್ಟಳು.

"ನಿಮ್ಮ ಮಾಲಕರಿಗೆ ಸಕ್ಕರಿ ಇರೂದು ಗೊತ್ತಿತ್ತು. ಗೊಬ್ಬರಕ್ಕೂ ಸಕ್ಕರಿ ಬಂದೈತಿ ಅನ್ನೂದು ಗೊತ್ತಿರಲಿಲ್ಲ," ಎಂದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಎದ್ದಳು. "ಬರ್ತೇವಿ. ಆದ್ರ ಐದೂ ಹಣತಿ ನನ್ನ ಕಣ್ಣಿಗೆ ಬೀಳೂ ಮಟ ನಮ್ಮ ಹೆಣಮಕ್ಕಳು ಬುಟ್ಟಿ ಮುಟ್ಟೂದಿಲ್ಲ. ಕೈ ನಮ್ಮವು ಅದಾವ್ರಿ."

ಮರುದಿನ ತಮ್ಮ ಮತ್ತು ಟ್ರ್ಯಾಕ್ಟರಿನವನು ಕಾಲಿಗೆ ಬೂಟು ಹಾಕಿ ಸಲಿಕೆ ಹಿಡಿದರು. ನಾನು ಇಕ್ಕಳ ಹಿಡಿದು ಪಕ್ಕದಲ್ಲಿ ನಿಂತೆ. ಹೆಂಗಸರು ಬೇವಿನ ಮರದ ಕೆಳಗೆ ಬುಟ್ಟಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂತು ನೋಡುತ್ತಿದ್ದರು. ಸೂಜಿಗಳು ಸಿಗತೊಡಗಿದವು. ಬೂದಿಯ ಜೊತೆ, ಈರುಳ್ಳಿ ಸಿಪ್ಪೆಯ ಜೊತೆ, ಒಂದು ಚಹಪುಡಿಯ ಮುದ್ದೆಯಲ್ಲಿ. ಒಂದೊಂದು ಡಬ್ಬಿಗೆ ಬಿದ್ದಾಗಲೂ ಟಕ್ ಎಂದು ಸದ್ದಾಗುತ್ತಿತ್ತು, ಮರದ ಕೆಳಗಿನ ಮಾತು ನಿಲ್ಲುತ್ತಿತ್ತು. ಸಿಕ್ಕಿದ್ದು ನನಗೆ ನೆಮ್ಮದಿ ಕೊಡಲಿಲ್ಲ. ಸಿಗದೆ ಸಲಿಕೆಯ ಜೊತೆ ಹೋದವೆಷ್ಟು, ಜಾರಿ ಕೆಳಗಿಳಿದವೆಷ್ಟು ಎಂದೇ ಮನಸ್ಸು ಹೊಡೆದುಕೊಳ್ಳುತ್ತಿತ್ತು.

ಮೊದಲ ಹಣತೆ ಸಿಕ್ಕಿತು. ಅದರ ಮಟ್ಟಕ್ಕೇ ಉಳಿದ ಮೂರು ಮೂಲೆಗಳವೂ ಸಿಕ್ಕವು. ನಡುವಿನದು ಸಿಗಲಿಲ್ಲ. ನಡುವೆ ಅಗೆದರು, ಇನ್ನೂ ಅಗೆದರು. ಬಿಸಿಲು ಏರಿತು. ಹಣತೆ ಕೆಳಗೆ ಜಾರಿದ್ದರೆ ಸೂಜಿಯೂ ಜಾರಿರಬಹುದು ಎಂದು ನಾನೇ ಹೇಳಿದೆ. ಹಾಗಿದ್ದರೆ ಇಡೀ ತಿಪ್ಪೆಯನ್ನೇ ಗುಂಡಿಗೆ ಹಾಕೋಣವೇನು ಎಂದು ತಮ್ಮ ಸಲಿಕೆ ಒಗೆದ. ಟ್ರ್ಯಾಕ್ಟರಿನವನು ತಾನು ಹೊರಡುತ್ತೇನೆ ಎಂದ. ನಾನು ಅತ್ತಿಂದಿತ್ತ ನಡೆದೆ, ಕೂತೆ, ಮತ್ತೆ ಎದ್ದೆ. ಗೊಬ್ಬರ ಎತ್ತಲು ಒಪ್ಪಿದರೆ ಆ ಹೆಂಗಸರ ಕೈಗೆ ಕೇಡು, ಒಪ್ಪದಿದ್ದರೆ ತಮ್ಮನ ಹೊಲಕ್ಕೆ.

ಆಗ ಮರದ ಕೆಳಗಿನಿಂದ ಆ ಹಿರಿಯಳು ಎದ್ದು ಬಂದಳು. ನೇರವಾಗಿ ತಮ್ಮನ ಹೆಂಡತಿಯ ಹತ್ತಿರ ಹೋಗಿ ನಿಂತಳು, ನಮ್ಮ ಕಡೆ ನೋಡಲಿಲ್ಲ.

"ಅಗ್ಯಾಕ ಹೋಗಬ್ಯಾಡ್ರಿ ಅವ್ವಾರ. ನಡುವಿಂದು ನಮ್ಮ ಮನ್ಯಾಗ ಐತಿ."

ಹಬ್ಬದ ಮರುದಿನ ಈ ಮನೆಯ ಕೊಟ್ಟಿಗೆ ಕೆಲಸಕ್ಕೆ ಬಂದು ತಿಪ್ಪೆಗೆ ಸಗಣಿ ಹಾಕುವಾಗ ಆ ಹಣತೆಯಲ್ಲಿ ಎಣ್ಣೆ ಉಳಿದಿತ್ತಂತೆ. ತನ್ನ ಮನೆಯ ಜಗಲಿಯಲ್ಲಿ ಹಚ್ಚಲು ಒಯ್ದಿದ್ದಳು. ಬೇರೆಯವರ ತಿಪ್ಪೆಯ ದೀಪ ಎತ್ತಿದರೆ ಆ ಮನೆಯ ಲಕ್ಷ್ಮಿಯನ್ನು ಎತ್ತಿದ ಹಾಗೆ ಎಂದು ಈ ಕಡೆ ಎಲ್ಲರೂ ನಂಬುತ್ತಾರೆ. ಅದಕ್ಕೇ ಅಷ್ಟು ಹೊತ್ತು ಅವಳ ಬಾಯಿ ಕಟ್ಟಿತ್ತು. ಹಿಂದಿನ ಸಂಜೆ ಐದು ಎಂದು ಯಾಕೆ ಪಟ್ಟು ಹಿಡಿದೆ ಎಂದು ನಾನು ಕೇಳಿದೆ. ನಾಲ್ಕು ಸಾಕು ಎಂದರೆ ಐದನೆಯದು ಎಲ್ಲಿ ಎಂದು ಕೇಳುತ್ತಿದ್ದಿರಿ ಎಂದಳು.

ತಮ್ಮನ ಹೆಂಡತಿ ಸಿಕ್ಕ ನಾಲ್ಕು ಹಣತೆಗಳನ್ನು ಒಂದರ ಮೇಲೊಂದು ಇಟ್ಟಳು.

"ನಾನು ಸೂಜಿ ಇಟ್ಟೆ, ನೀ ದೀಪ ಒಯ್ದಿ," ಎಂದಳು. "ಏಳು, ಬುಟ್ಟಿ ತಗೊ. ಬಿಸಲಾತು."

ಕೆಲಸ ಶುರುವಾಯಿತು. ಕೈಯಲ್ಲಿ ಹೆಂಟೆ ಒಡೆಯಬೇಡಿ, ಸಲಿಕೆಯಲ್ಲಿ ಒಡೆಯಿರಿ, ಚಪ್ಪಲಿ ಹಾಕಿಕೊಳ್ಳಿ ಎಂದು ನಾನು ಹೇಳುತ್ತಲೇ ಇದ್ದೆ. ಸಲಿಕೆಗೆ ಒಪ್ಪಿದರು. ಚಪ್ಪಲಿಗೆ ನಕ್ಕರು, ಲಕ್ಷ್ಮಿಯನ್ನು ಮೆಟ್ಟಿನಿಂದ ತುಳಿಯುವುದೇ ಎಂದರು. ಆಮೇಲೆ ಆ ಹಿರಿಯಳೇ ಮೊದಲು ಚಪ್ಪಲಿ ಮೆಟ್ಟಿದಳು, ಉಳಿದವರೂ ಮೆಟ್ಟಿದರು. ಟ್ರೇಲರಿನ ಹಿಂದೆ ನಾನೂ ಹೊಲಕ್ಕೆ ಹೋದೆ. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಯಾರಾದರೂ ಕೈ ಝಾಡಿಸಿದರೆ ಹತ್ತಿರ ಹೋಗಿ ನೋಡುತ್ತಿದ್ದೆ. ಒಬ್ಬಳು ಅಯ್ಯ ಎಂದಾಗ ಓಡಿದೆ. ಇರುವೆ ಕಚ್ಚಿತ್ತು.

ಸಂಜೆ ಅವರು ದನಗಳ ನೀರಿನ ತೊಟ್ಟಿಯ ಪಕ್ಕದ ನಲ್ಲಿಯಲ್ಲಿ ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ನಾನು ಕಟ್ಟೆಯ ಮೇಲೆ ಕೂತು, ಕೇಳಲೋ ಬೇಡವೋ ಎಂದು ಚಡಪಡಿಸುತ್ತಿದ್ದೆ. ಇವರು ನನ್ನ ಹಾಸ್ಟೆಲಿನ ಹುಡುಗಿಯರಲ್ಲ. ಆ ಹಿರಿಯಳು ನನ್ನ ಮುಖ ನೋಡಿ, ಬಂದು ಎದುರಿಗೆ ನಿಂತು, ಎರಡೂ ಕೈ ಚಾಚಿದಳು.

"ನೋಡಿಬಿಡ್ರಿ ಬಾಯಾರ. ಇಲ್ಲಾಂದ್ರ ನಿಮಗ ಊಟ ಸೇರೂದಿಲ್ಲ."

ಉಳಿದವರು ನಗುತ್ತ ಅವಳ ಹಿಂದೆ ನಿಂತರು. ನಾನು ಕನ್ನಡಕ ಹಾಕಿಕೊಂಡೆ. ಒಂದೊಂದೇ ಕೈ ಹಿಡಿದು, ಅಂಗೈ ನೋಡಿದೆ, ಬೆರಳಿನ ಸಂದಿ ನೋಡಿದೆ. ಜಡ್ಡುಗಟ್ಟಿದ ಚರ್ಮ, ಹಳೆಯ ಕುಡುಗೋಲಿನ ಗಾಯ, ಬಳೆಯ ಗುರುತು. ಹೊಸದಾಗಿ ರಕ್ತ ಕಂಡ ಜಾಗ ಒಂದೂ ಇರಲಿಲ್ಲ. ಆದರೂ ಮನಸ್ಸು ಒಪ್ಪದೆ, ಮೊದಲು ನೋಡಿದ ಹಿರಿಯಳ ಕೈಯನ್ನು ಕೊನೆಗೆ ಇನ್ನೊಮ್ಮೆ ತೋರಿಸು ಎಂದು ಕೇಳಿದೆ. ನಗುತ್ತ ಮತ್ತೆ ಕೈ ಕೊಟ್ಟಳು.