ಸಲ್ಮಿಯಾ ಟೀಚರಮ್ಮ ಕಲಿಸಿದ್ದು, ಕಲಿಸದೇ ಬಿಟ್ಟದ್ದು

ಕುಚಿಂಗ್ ಪೇಟೆಯ ಅಂಚಿನಲ್ಲಿ, ಚೀನೀಯರ ಸ್ಮಶಾನದ ಗುಡ್ಡ ದಾಟಿದ ಮೇಲೆ, ಕಂಬಗಳ ಮೇಲೆ ನಿಂತ ಹಳೆಯ ಮರದ ಬಂಗಲೆಯೊಂದಿತ್ತು. ಪರದೇಶಗಳಿಂದ ಸ್ವಯಂಸೇವೆಗೆಂದು ಬರುವ ಹುಡುಗ ಹುಡುಗಿಯರನ್ನು ಮೊದಲು ತಂದು ಇಳಿಸುತ್ತಿದ್ದುದು ಅಲ್ಲಿಗೇ. ನದಿಗಳ ಮೇಲ್ಭಾಗದ ಹಳ್ಳಿಗಳಿಗೆ ಪಾಠ ಹೇಳಲಿಕ್ಕೋ ರೋಗಿಗಳನ್ನು ನೋಡಿಕೊಳ್ಳಲಿಕ್ಕೋ ಹೋಗುವ ಮುನ್ನ ಅವರು ಆರು ವಾರ ಸಲ್ಮಿಯಾ ಟೀಚರಮ್ಮನ ಕೈಕೆಳಗೆ ಇರಬೇಕಿತ್ತು. ನಾನು ಆ ಬಂಗಲೆಯ ವ್ಯಾನ್ ಓಡಿಸುತ್ತಿದ್ದೆ. ವಿಮಾನದಿಂದ ಇಳಿದವರನ್ನು ಕರೆತರುವವನೂ ನಾನೇ, ಆರು ವಾರ ಕಳೆದ ಮೇಲೆ ದೋಣಿಕಟ್ಟೆಗೆ ಬಿಡುವವನೂ ನಾನೇ. ಹಾಗಾಗಿ ನಡುವೆ ಅವರು ಎಷ್ಟು ಬದಲಾದರು ಎಂಬುದು ನನಗೆ ಚೆನ್ನಾಗಿ ಕಾಣುತ್ತಿತ್ತು.

ಟೀಚರಮ್ಮ ಒಯಾ ನದಿ ಕಡೆಯ ಮೆಲನಾವ್ ಜನಾಂಗದವರು. ತಂದೆ ಮುಸಲ್ಮಾನರು, ದೊಡ್ಡಮ್ಮ ಇಗರ್ಜಿಗೆ ಹೋಗುವವರು, ಅಜ್ಜ ಸಾಯುವವರೆಗೂ ನದಿಯ ದೈವಗಳಿಗೇ ನಡೆದುಕೊಂಡವರು. ಮೂವರೂ ಒಂದೇ ಸೂರಿನಡಿ ಇದ್ದರು. ಯಾರಿಗೆ ಯಾವ ತಟ್ಟೆ, ಯಾರ ಉಪವಾಸದ ದಿನ ಯಾರು ಅಡುಗೆ ಮಾಡಬೇಕು, ಯಾರ ಎದುರಿಗೆ ಯಾವ ಮಾತು ಎತ್ತಬಾರದು ಎಂಬುದೆಲ್ಲ ಅವರಿಗೆ ಅಕ್ಷರ ಕಲಿಯುವ ಮೊದಲೇ ಬಂದಿತ್ತು. ಮುಂದೆ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆದರು. ಬಂಗಲೆಯವರು ಅವರನ್ನು ಮಲಯ ಭಾಷೆ ಕಲಿಸಲೆಂದು ಕರೆದಿದ್ದರು. ಭಾಷೆಯ ಜೊತೆಗೆ ಬದುಕುವುದನ್ನು ಕಲಿಸುವ ಕೆಲಸವೂ ತಾನಾಗಿ ಅವರ ಪಾಲಿಗೆ ಬಂತು.

ಪಾಠ ನಡೆಯುತ್ತಿದ್ದುದು ಹಿತ್ತಿಲಲ್ಲಿ. ಸರೋಂಗ್ ಎಂಬ ಲುಂಗಿ ಉಟ್ಟು, ಜಾರದಂತೆ ಗಂಟು ಹಾಕಿ, ಎಲ್ಲರ ಎದುರಿಗೆ ಮೈ ತೊಳೆದುಕೊಳ್ಳುವುದು ಹೇಗೆ. ಚಪ್ಪಲಿ ಎಲ್ಲಿ ಬಿಡಬೇಕು. ಬೆರಳು ತೋರಿಸದೆ ಹೆಬ್ಬೆಟ್ಟಿನಿಂದ ದಾರಿ ಹೇಳುವುದು. ಮಕ್ಕಳ ತಲೆ ಸವರಬಾರದು. ಸಿಟ್ಟು ಬಂದರೂ ದನಿ ಏರಿಸಬಾರದು.

"ಯಾಕೆ ಟೀಚರ್?" ಎಂದು ಯಾರಾದರೂ ಕೇಳಿದರೆ, "ಯಾಕೆ ಅಂತ ನಮ್ಮಜ್ಜಿನ ಕೇಳ್ಬೇಕು, ಅವರು ಮಣ್ಣಲ್ಲಿದಾರೆ. ನೀನು ಸುಮ್ನೆ ಮಾಡು" ಎನ್ನುತ್ತಿದ್ದರು.

ಎಲ್ಲಕ್ಕಿಂತ ಒತ್ತಿ ಹೇಳುತ್ತಿದ್ದುದು ಊಟದ ವಿಷಯ. ನಮ್ಮಲ್ಲಿ ಕೊಟ್ಟ ಆಹಾರವನ್ನು ಮುಟ್ಟದೆ ಎದ್ದರೆ ಕೇಡು ತಪ್ಪದು ಎಂದು ಎಲ್ಲ ಜಾತಿಯವರೂ ನಂಬುತ್ತಾರೆ. ಹಾವು ಕಚ್ಚಿದರೂ, ದೋಣಿ ಮಗುಚಿದರೂ, "ಯಾರ ಮನೇಲಿ ಊಟ ಬೇಡ ಅಂದು ಬಂದ?" ಎಂದೇ ಮೊದಲು ಕೇಳುವುದು.

"ಬೇಡ ಅಂತ ಬಾಯಿಬಿಟ್ಟು ಹೇಳ್ಬೇಡಿ. ತಿನ್ನಕ್ಕಾಗ್ದಿದ್ರೆ ತಟ್ಟೆ ಅಂಚನ್ನ ಹೀಗೆ ಬೆರಳ ತುದೀಲಿ ಮುಟ್ಟಿ ತುಟಿಗೆ ಇಟ್ಕೊಳ್ಳಿ. ಅಷ್ಟು ಮಾಡಿದ್ರೆ ಮನೆಯವರಿಗೂ ಬೇಜಾರಿಲ್ಲ, ನಿಮಗೂ ಕೇಡಿಲ್ಲ." ಇಷ್ಟು ಹೇಳಿ ಎಲ್ಲರ ಕೈಯಲ್ಲೂ ಮಾಡಿಸುತ್ತಿದ್ದರು. ದೊಡ್ಡ ದೊಡ್ಡ ಗಡ್ಡದ ಹುಡುಗರು ಸಾಲಾಗಿ ಕೂತು ಖಾಲಿ ತಟ್ಟೆ ಮುಟ್ಟಿ ತುಟಿಗೆ ಇಟ್ಟುಕೊಳ್ಳುವುದನ್ನು ನೋಡಿ ನಾನು ವ್ಯಾನಿನ ಹಿಂದೆ ನಿಂತು ನಗುತ್ತಿದ್ದೆ.

ಹೀಗಿರುವಾಗ ಒಂದು ತಂಡದಲ್ಲಿ ಫಿನ್ಲೆಂಡಿನ ಪಿರ್ಕ್ಕೊ ಎಂಬ ಹುಡುಗಿ ಬಂದಳು. ಎತ್ತರದವಳು, ಮಾತು ಕಡಿಮೆ. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಂಡವಳಲ್ಲ. ಮೊದಲ ದಿನವೇ ಅವಳು ಟೀಚರಮ್ಮನ ಬಳಿಗೆ ಬಂದು, "ನನಗೆ ಸಿಗಡಿ, ಏಡಿ ಆಗಲ್ಲ. ಚಿಕ್ಕವಳಿದ್ದಾಗ ತಿಂದು ತುಟಿ ಊದಿತ್ತು" ಎಂದಳು.

"ಅಷ್ಟೇ ತಾನೆ? ನನಗೆ ಗೊತ್ತಾಯ್ತು ಬಿಡು" ಎಂದರು ಟೀಚರಮ್ಮ. ಅಡುಗೆಯವಳಿಗೆ ಆ ಕೂಡಲೇ ತಾಕೀತು ಮಾಡಿದರು. ಆ ಆರು ವಾರ ಬಂಗಲೆಯ ಅಡುಗೆಮನೆಯೊಳಗೆ ಒಂದು ಸಿಗಡಿಯೂ ಬರಲಿಲ್ಲ.

ಆದರೂ ಪಿರ್ಕ್ಕೊಳ ಕುತ್ತಿಗೆಯ ಮೇಲೆ, ತೋಳಿನ ಮೇಲೆ ಕೆಂಪು ಗುಳ್ಳೆ ಏಳುತ್ತಿದ್ದವು. ಗಂಟಲು ಕೆರೆಯುತ್ತದೆ ಎನ್ನುತ್ತಿದ್ದಳು. ಅಲ್ಲಿಂದ ಬಂದ ಬಿಳಿ ಮೈಗೆ ನಮ್ಮ ಸೆಕೆ ತಡೆಯುವುದಿಲ್ಲ, ಪ್ರತಿ ತಂಡದಲ್ಲೂ ಇಬ್ಬರಾದರೂ ಕೆರೆದುಕೊಳ್ಳುತ್ತ ಕೂರುವವರೇ. "ಬೆವರುಸಾಲೆ ಕಣೇ, ಒಂದು ತಿಂಗಳಲ್ಲಿ ಹೋಗತ್ತೆ" ಎಂದು ಟೀಚರಮ್ಮ ತಾವೇ ಕೈಯಾರೆ ಅವಳ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದರು. ಪಿರ್ಕ್ಕೊಳಿಗೂ ಹೌದೆನಿಸಿತು.

ಅವಳನ್ನು ಸ್ಕ್ರಾಂಗ್ ನದಿಯ ಮೇಲ್ಭಾಗದ ಇಬಾನ್ ಜನರ ಉದ್ದಮನೆಯೊಂದಕ್ಕೆ ಕಳಿಸಿದರು. ಉದ್ದಮನೆ ಎಂದರೆ ಒಂದೇ ಚಾವಣಿಯಡಿ ಇಡೀ ಊರು. ಪ್ರತಿ ಸಂಸಾರಕ್ಕೂ ಒಂದು ಬಾಗಿಲು, ಎಲ್ಲರಿಗೂ ಸೇರಿ ಮುಂದೆ ಒಂದು ಉದ್ದ ಪಡಸಾಲೆ. ಇಂದೈ ಲುಲಾಂಗ್ ಎಂಬಾಕೆಯ ಮನೆಯಲ್ಲಿ ಅವಳ ವಾಸಕ್ಕೆ ಏರ್ಪಾಡಾಗಿತ್ತು. ಇಂದೈ ಎಂದರೆ ತಾಯಿ. ಹಿರಿಮಗ ಲುಲಾಂಗ್ ಹುಟ್ಟಿದ ಮೇಲೆ ಆಕೆಯ ಸ್ವಂತ ಹೆಸರನ್ನು ಯಾರೂ ಕರೆದಿರಲಿಲ್ಲ. ಟೀಚರಮ್ಮ ಮುಂಚಿತವಾಗಿಯೇ ಹೇಳಿ ಕಳಿಸಿದ್ದರು: ಹುಡುಗಿಗೆ ಸಿಗಡಿ ಕೊಡಬೇಡಿ.

ಇಂದೈ ಲುಲಾಂಗ್ ಕೊಡಲೂ ಇಲ್ಲ. ಗಂಡ ಬಲೆ ಬೀಸಿ ಹೊಳೆಸಿಗಡಿ ತಂದರೆ ಪಕ್ಕದ ಬಾಗಿಲಿಗೆ ದಾಟಿಸುತ್ತಿದ್ದಳು. ಪಿರ್ಕ್ಕೊ ನದಿದಂಡೆಯ ಶಾಲೆಗೆ ಪಾಠ ಹೇಳಲು ಹೋಗಿ ಬರುತ್ತಿದ್ದಳು, ಸಂಜೆ ಹೆಂಗಸರ ಜೊತೆ ಕೂತು ಚಾಪೆ ಹೆಣೆಯಲು ಕಲಿಯುತ್ತಿದ್ದಳು. ಅನ್ನ, ಉಪ್ಪುಮೀನು, ಸೌತೆಕಾಯಿಯಲ್ಲಿ ಕೆಲವು ವಾರ ಕಳೆದವು. ಆಮೇಲೆ ಸುಗ್ಗಿ ಹಬ್ಬ ಬಂತು. ಪೇಟೆಯಿಂದ ನೆಂಟರು ಬಂದರು. ಇಂದೈ ಲುಲಾಂಗ್ ಕಾಡಿಗೆ ಹೋಗಿ ಎಳೆಯ ಜರಿಸೊಪ್ಪಿನ ಚಿಗುರು ಕೊಯ್ದು ತಂದು, ಹಬ್ಬದ ಅಡುಗೆಯೆಂದು ಕೈಬಿಚ್ಚಿ ಮಸಾಲೆ ಹಾಕಿ ದೊಡ್ಡ ಬಾಣಲೆಯಲ್ಲಿ ಹುರಿದಳು. ಪಿರ್ಕ್ಕೊಳಿಗೆ ಆ ಸೊಪ್ಪು ಬಹಳ ಹಿಡಿಸಿತು. ಎರಡು ಸಲ ಬಡಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಗುರುತು ಸಿಗದಷ್ಟು ಊದಿತು, ಉಸಿರು ಸಿಳ್ಳೆಯಂತೆ ಕೇಳತೊಡಗಿತು. ಇಂದೈ ಲುಲಾಂಗ್ ಮತ್ತು ಆಕೆಯ ಗಂಡ ಅವಳನ್ನು ಚಾಪೆಯಲ್ಲಿ ಸುತ್ತಿ ಮೋಟಾರು ದೋಣಿಯಲ್ಲಿ ಮಲಗಿಸಿಕೊಂಡು, ಹಬ್ಬದ ಬಟ್ಟೆಯಲ್ಲೇ ಕೆಳಗಿನ ಪೇಟೆಯ ಆಸ್ಪತ್ರೆಗೆ ಓಡಿದರು. ಅಲ್ಲಿ ಚುಚ್ಚುಮದ್ದು ಕೊಟ್ಟರು. ಜೀವ ಉಳಿಯಿತು.

ಸುದ್ದಿ ತಿಳಿದು ನಾನು ಟೀಚರಮ್ಮನನ್ನು ಕರೆದುಕೊಂಡು ಹೋದೆ. ನಾವು ಆಸ್ಪತ್ರೆ ಮುಟ್ಟಿದಾಗ ಪಿರ್ಕ್ಕೊ ನಿದ್ದೆಯಲ್ಲಿದ್ದಳು. ಇಂದೈ ಲುಲಾಂಗ್ ಹೊರಗಿನ ಬೆಂಚಿನ ಮೇಲೆ, ಮುದುಡಿದ ರೇಷ್ಮೆಯಲ್ಲಿ, ಕಾಲುಂಗುರದಿಂದ ತಲೆಯ ಬೆಳ್ಳಿ ಹೂವಿನವರೆಗೆ ಎಲ್ಲ ಒಡವೆ ಹಾಕಿಕೊಂಡು ಕೂತಿದ್ದಳು. ಆಸ್ಪತ್ರೆಯವನು ಬಂದು, "ಏನ್ ತಿಂದ್ಲು?" ಎಂದು ಕೇಳಿದ.

"ಸೊಪ್ಪು" ಎಂದಳು ಆಕೆ. "ಬರೀ ಸೊಪ್ಪು. ಸಿಗಡಿ ನಮ್ಮನೆ ಮೆಟ್ಟಿಲು ಹತ್ತಿಲ್ಲ, ಬೇಕಾದ್ರೆ ನನ್ನ ಮಗನ ಮೇಲೆ ಆಣೆ."

"ಸೊಪ್ಪಿಗೆ ಏನ್ ಹಾಕಿದ್ರಿ?"

"ಎಲ್ಲರೂ ಹಾಕೋದೇ. ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು, ಬೆಲಾಚಾನ್."

ಆಸ್ಪತ್ರೆಯವನು ಟೀಚರಮ್ಮನ ಮುಖ ನೋಡಿದ. ಬೆಲಾಚಾನ್ ಎಂದರೆ ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿ, ಅರೆದು, ಬಿಸಿಲಿಗೆ ಒಣಗಿಸಿದ ಮುದ್ದೆ. ಚೀನೀಯರ ಮನೆಯಿರಲಿ, ಮಲಯರದಿರಲಿ, ಇಬಾನರದಿರಲಿ, ಒಲೆಯ ಪಕ್ಕದಲ್ಲಿ ಉಪ್ಪಿನ ಜೊತೆ ಅದು ಇದ್ದೇ ಇರುತ್ತದೆ. ಅದನ್ನು ಯಾರೂ ಸಿಗಡಿ ಎಂದುಕೊಳ್ಳುವುದಿಲ್ಲ. ಬಂಗಲೆಯ ಅಡುಗೆಯವಳೂ ಅಂದುಕೊಂಡಿರಲಿಲ್ಲ. ಆರು ವಾರ ಅದರದೇ ಚಟ್ನಿಯನ್ನು ಹುಡುಗಿಯ ಪಕ್ಕದಲ್ಲಿ ಕೂತು ನೆಂಚಿಕೊಂಡ ಸಲ್ಮಿಯಾ ಟೀಚರಮ್ಮನಿಗೂ ಹೊಳೆದಿರಲಿಲ್ಲ. ನನಗೂ ಅಷ್ಟೆ.

ಬರುವ ದಾರಿಯಲ್ಲಿ ಸೆರಿಯಾನ್ ಪೇಟೆ ದಾಟಿದ ಮೇಲೆ ಅವರು ನನ್ನ ಹೆಸರು ಹಿಡಿದು ಹೇಳಿದರು: "ಅಫುಯ್, ನಾನು ಆ ಹುಡುಗಿಗೆ ಪೌಡರ್ ಹಚ್ತಿದ್ದೆ ಕಣೋ."

ಬಂಗಲೆಯ ಮುಖ್ಯಸ್ಥರು ಪಿರ್ಕ್ಕೊಳನ್ನು ಊರಿಗೆ ಕಳಿಸಿಬಿಡೋಣ ಎಂದರು. ಅವಳು ಒಪ್ಪಲಿಲ್ಲ. ಶಾಲೆ ಬಿಡುವುದಿಲ್ಲ, ಅದೇ ಮನೆಗೆ ಹೋಗುತ್ತೇನೆ ಎಂದಳು. ಆದರೆ ಉದ್ದಮನೆಯಿಂದ ಬೇರೆಯೇ ಸುದ್ದಿ ಬಂತು. ಇಂದೈ ಲುಲಾಂಗ್ ಪಡಸಾಲೆಗೆ ಬರುವುದನ್ನೇ ನಿಲ್ಲಿಸಿದ್ದಳು. ಹಬ್ಬದ ದಿನ ಅತಿಥಿಯ ಉಸಿರು ಕಟ್ಟಿಸಿದ ಕೈ ಎಂದು ಯಾರೋ ಅಂದಿದ್ದರು. ವಿಷವಿಕ್ಕಿದಳು ಎಂದು ಕೆಳಗಿನ ಊರಿನಲ್ಲಿ ಮಾತಾಗಿತ್ತು. ಇನ್ನು ಹುಡುಗಿಯನ್ನು ಒಳಗೆ ಸೇರಿಸುವುದಿಲ್ಲ ಎಂದು ಆಕೆ ಹೇಳಿ ಕಳಿಸಿದ್ದಳು.

ಟೀಚರಮ್ಮ ಪಿರ್ಕ್ಕೊಳನ್ನು ಕರೆದುಕೊಂಡು ತಾವೇ ಹೊರಟರು. ದೋಣಿಯಲ್ಲಿ ನಾನೂ ಇದ್ದೆ. ಉದ್ದಮನೆಯ ಮೆಟ್ಟಿಲು ಹತ್ತಿ, ಪಡಸಾಲೆಯಲ್ಲಿ ಕೂತಿದ್ದವರ ಕೈಯನ್ನೆಲ್ಲ ಕುಲುಕಿ, ಇಂದೈ ಲುಲಾಂಗಳ ಬಾಗಿಲ ಮುಂದೆ ಕೂತರು. ಬಹಳ ಹೊತ್ತಿನ ಮೇಲೆ ಆಕೆ ಹೊರಗೆ ಬಂದಳು.

"ಏನ್ ಟೀಚರಮ್ಮ, ಬೈಯಕ್ ಬಂದ್ರಾ? ಬೈರಿ. ಊರೇ ಬೈತೈತೆ, ನೀವೊಬ್ರು ಯಾಕ್ ಬಾಕಿ?"

"ಬೈಸ್ಕೊಳ್ಳಕ್ಕೆ ಬಂದೆ. ನೀವು ಅವಳಿಗೆ ಒಂದು ದಿನ ಹಾಕಿದ್ರಿ. ನಾನು ಆರು ವಾರ ಹಾಕಿದೀನಿ."

ಇಂದೈ ಲುಲಾಂಗ್ ಅರ್ಥವಾಗದೆ ನೋಡಿದಳು. ಟೀಚರಮ್ಮ ಗುಳ್ಳೆಯ ಕತೆ, ಪೌಡರಿನ ಕತೆ ಎಲ್ಲ ಪಡಸಾಲೆಗೆ ಕೇಳುವಂತೆ ಹೇಳಿದರು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕಳು. ಇಂದೈ ಲುಲಾಂಗಳಿಗೆ ನಗು ಬರಲಿಲ್ಲ. ಸಿಟ್ಟು ಬಂತು.

"ಓದಿದೋರು, ಪಾಠ ಹೇಳೋರು, ನೀವೇ ನೋಡ್ಲಿಲ್ಲ ಅಂದ್ರೆ ನಾನು ಹೆಂಗ್ ನೋಡ್ಲಿ? ನೀವು ಹಂದಿ ತಿನ್ನಲ್ಲ. ನೀವು ಬಂದ್ರೆ ಬೇರೆ ಮಡಿಕೆ ಇಡ್ತೀನಿ, ಹೊಸಾ ಸೌಟು ತೆಗೀತೀನಿ, ಯಾರೂ ಹೇಳಿಕೊಡ್ಬೇಕಾಗಿಲ್ಲ. ಯಾಕಂದ್ರೆ ಅದು ನಿಮ್ಮ ದೇವ್ರು ಬ್ಯಾಡ ಅಂದಿದ್ದು. ಈ ಹುಡುಗಿಗೆ ಯಾವ ದೇವ್ರು ಬ್ಯಾಡ ಅಂತು? ನೀವು ಹೇಳಿ ಕಳಿಸಿದ್ದು 'ಆಗಲ್ಲ' ಅಂತ. ನನ್ನ ಗಂಡಂಗೆ ಬೆಳಿಗ್ಗೆ ಏಳಕ್ಕೂ ಆಗಲ್ಲ!"

ಪಡಸಾಲೆಯಲ್ಲಿ ನಗು ಎದ್ದಿತು. ಟೀಚರಮ್ಮ ನಗಲಿಲ್ಲ. ಹಂದಿ, ದನ, ಉಪವಾಸ, ಮಡಿಯ ತಟ್ಟೆ ಇವೆಲ್ಲವನ್ನೂ ಬಾಯಿಪಾಠ ಮಾಡಿದ್ದ ತಮಗೆ ದೇವರಲ್ಲದೆ ಮೈಯೂ ಬೇಡವೆನ್ನಬಹುದು ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ ಎಂದು ಆಮೇಲೆ ನನ್ನ ಬಳಿ ಹೇಳಿದರು. ಆ ಹೊತ್ತಿಗೆ ಅವರು ಪಿರ್ಕ್ಕೊಳ ಕಡೆ ಬಗ್ಗಿ, "ನಿಮ್ಮ ಊರಲ್ಲಿ ನಿಷೇಧ ಅಂತ ಹೇಳಿಬಿಡು, ಮುಗಿದುಹೋಗತ್ತೆ" ಎಂದು ಪಿಸುಗುಟ್ಟಿದರು.

"ಅದು ಸುಳ್ಳು ಟೀಚರ್. ನಮ್ಮ ಊರಲ್ಲಿ ಎಲ್ಲರೂ ತಿಂತಾರೆ" ಎಂದಳು ಪಿರ್ಕ್ಕೊ.

"ಹೇಳಿದ್ರೆ ಏನ್ ಗಂಟು ಹೋಗತ್ತೆ?"

"ಇವರ ಮನೇಲಿ ಸುಳ್ಳು ಹೇಳ್ಕೊಂಡು ಇರಲ್ಲ."

ಇಬ್ಬರೂ ಹೀಗೆ ಗುದ್ದಾಡುತ್ತಿರುವುದನ್ನು ಇಂದೈ ಲುಲಾಂಗ್ ನೋಡುತ್ತಿದ್ದಳು. "ಏನಂತೆ?" ಎಂದಳು.

ಪಿರ್ಕ್ಕೊ ತನಗೆ ಬರುವಷ್ಟು ಇಬಾನ್ ಮಾತಿನಲ್ಲಿ ತಡವರಿಸುತ್ತ ಹೇಳಿದಳು: "ಇಂದೈ, ದೇವರಲ್ಲ. ನನ್ನ ಮೈ. ನಮ್ಮಜ್ಜಿಗೂ ಹೀಗೇ ಆಗ್ತಿತ್ತು. ಅವರೂ ತಿಂತಿರಲಿಲ್ಲ."

ಮೂಲೆಯ ಮುದುಕಿ ತಟ್ಟನೆ ಮುಂದಕ್ಕೆ ಸರಿದಳು. "ಅಜ್ಜಿಯಿಂದ ಬಂದಿದ್ದಾ?"

"ಹೌದು, ಅಜ್ಜಿಯಿಂದ."

"ಅದನ್ನ ಮೊದ್ಲೇ ಹೇಳಕ್ಕೇನಾಗಿತ್ತೇ! ಅಜ್ಜಿಯಿಂದ ಬಂದಿದ್ದು ಅಂದ್ರೆ ವಂಶದ ನಿಷೇಧ. ನಮ್ಮ ಅತ್ತೆ ಕಡೆಯೋರಿಗೆ ಜಿಂಕೆ ಮಾಂಸ ಸೇರಲ್ಲ, ತಿಂದ್ರೆ ಮೈಯೆಲ್ಲ ಬಾತ್ಕೊಳ್ಳತ್ತೆ. ಮೂರು ತಲೆಮಾರಿಂದ ಆ ಬಾಗಿಲೊಳಗೆ ಜಿಂಕೆ ತರಲ್ಲ. ಇದೂ ಅಂಥದ್ದೇ."

ಪಡಸಾಲೆಯಲ್ಲಿ ಒಬ್ಬರಿಂದ ಒಬ್ಬರಿಗೆ ಆ ಮಾತು ದಾಟಿಕೊಂಡು ಕೊನೆಯ ಬಾಗಿಲು ಮುಟ್ಟಿತು. ಹುಡುಗಿಯ ವಂಶದ ನಿಷೇಧವಂತೆ, ಇಂದೈ ಲುಲಾಂಗಳಿಗೆ ಯಾರೂ ಹೇಳಿರಲಿಲ್ಲವಂತೆ. ಅಲ್ಲಿಗೆ ವಿಷದ ಮಾತು ಬಿದ್ದುಹೋಯಿತು. ಆದರೂ ಅತಿಥಿಯ ಜೀವಕ್ಕೆ ಅಪಾಯವಾಗಿದ್ದರಿಂದ ಉದ್ದಮನೆಯ ಮುಖಂಡರು ಕೇಡು ಕಳೆಯಲೆಂದು ಕೋಳಿ ಬಲಿಕೊಟ್ಟು ಮನೆಯನ್ನು ತಂಪು ಮಾಡಿಸಿದರು. ಕೋಳಿ ತರಿಸಿದ್ದು ಟೀಚರಮ್ಮ.

ಅಂದು ಮಧ್ಯಾಹ್ನ ಮೂವರೂ ಅಡುಗೆಮನೆಯಲ್ಲಿ ಕೂತು ಡಬ್ಬಿ, ಭರಣಿ, ಸೀಸೆ ಒಂದೊಂದನ್ನೇ ಕೆಳಗಿಳಿಸಿದರು. ಪೇಟೆಯಿಂದ ತಂದ ಕಪ್ಪು ಸಾಸಿನ ಸೀಸೆ, ಒಣಮೀನಿನ ಪುಡಿ, ಸೂಪಿನ ಪೊಟ್ಟಣ. ಏತರಿಂದ ಮಾಡಿದ್ದು ಎಂದು ಪಿರ್ಕ್ಕೊ ಪ್ರತಿಯೊಂದನ್ನೂ ಕೇಳಿದಳು. ಅರ್ಧಕ್ಕರ್ಧ ವಸ್ತುಗಳ ಬಗ್ಗೆ ಇಬ್ಬರು ಹೆಂಗಸರೂ "ಯಾರಿಗೆ ಗೊತ್ತು?" ಎಂದೇ ಹೇಳಬೇಕಾಯಿತು. ಕೊನೆಗೆ ಪಿರ್ಕ್ಕೊಳಿಗೆಂದೇ ಒಂದು ಬಾಣಲೆ ಬೇರೆ ತೂಗುಹಾಕಿದರು.

ಅವಳು ತನ್ನ ಅವಧಿ ಪೂರ್ತಿ ಅದೇ ಮನೆಯಲ್ಲಿದ್ದಳು. ಆಸ್ಪತ್ರೆಯವರು ಕೊಟ್ಟ ಚುಚ್ಚುಮದ್ದಿನ ಡಬ್ಬಿ ಸೊಂಟದಲ್ಲಿ ಇರುತ್ತಿತ್ತು, ಬಳಸುವ ಪ್ರಸಂಗ ಬರಲಿಲ್ಲ. ಹೊರಡುವ ದಿನ ಇಂದೈ ಲುಲಾಂಗ್ ದೋಣಿಕಟ್ಟೆಗೆ ಬಂದು, ನೀರಿಗಿಳಿದು, ದೋಣಿಯನ್ನು ತಳ್ಳಿ ದಡ ಹತ್ತಿ ಹೋದಳು.

ಟೀಚರಮ್ಮನ ಪಾಠ ಆಮೇಲೆ ಬದಲಾಯಿತು. ಆರು ವಾರದಲ್ಲಿ ಎರಡು ವಾರವನ್ನು ಹಿತ್ತಿಲಿನಿಂದ ಎತ್ತಿ ಉದ್ದಮನೆಗೆ, ಇಂದೈ ಲುಲಾಂಗಳ ಅಡುಗೆಮನೆಗೆ ಹಾಕಿದರು. ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. ನಾವು ಬರುವವರನ್ನು ತಯಾರು ಮಾಡಬೇಕು, ಮನೆಯವರನ್ನಲ್ಲ ಎಂದರು. "ಇಬ್ಬರೂ ಒಂದೇ ಬಾಣಲೇಲಿ ಉಣ್ಣೋದು ಸರ್" ಎಂದರು ಟೀಚರಮ್ಮ. ಅದಕ್ಕಿಂತ ಹೆಚ್ಚು ವಾದ ಮಾಡಲಿಲ್ಲ, ಹುಡುಗರನ್ನು ವ್ಯಾನಿಗೆ ಹತ್ತಿಸಿದರು. ಬೇಡ ಎಂದು ಬಾಯಿಬಿಟ್ಟು ಹೇಳುವುದನ್ನೂ ಕಲಿಸತೊಡಗಿದರು. ನಗುತ್ತ ಹೇಳುವ ಬೇಡ, ಹೊಟ್ಟೆ ಮುಟ್ಟಿಕೊಂಡು ಹೇಳುವ ಬೇಡ, ದೋಣಿ ನಿಲ್ಲಿಸುವಷ್ಟು ಗಟ್ಟಿಯಾಗಿ ಕೂಗುವ ಬೇಡ. "ನನಗೆ ಗೊತ್ತು" ಎನ್ನುವ ಮಾತು ಅವರ ಬಾಯಲ್ಲಿ ಕಡಿಮೆಯಾಯಿತು. ಹುಡುಗರು ಯಾಕೆ ಎಂದು ಕೇಳಿದರೆ ಈಗ ಅಜ್ಜಿಯ ಮೇಲೆ ಹಾಕುತ್ತಿರಲಿಲ್ಲ, ಕೂತು ಯೋಚಿಸುತ್ತಿದ್ದರು. ಪಾಠ ಮೊದಲಿನಷ್ಟು ಚುರುಕಾಗಿ ಸಾಗುತ್ತಿರಲಿಲ್ಲ ಎಂಬುದೂ ನಿಜ.

ನಾಡು ಶ್ರೀಮಂತವಾಯಿತು, ಹೊರಗಿನವರು ಬರುವುದು ನಿಂತಿತು, ಬಂಗಲೆ ಬಿದ್ದು ಅಲ್ಲಿ ಟೈರಿನ ಅಂಗಡಿ ಎದ್ದಿತು. ಟೀಚರಮ್ಮ ಒಯಾ ದಂಡೆಗೆ ಮರಳಿದರು. ಹೋದ ವರ್ಷ ನಾನು ಆ ಕಡೆ ಹೋಗಿದ್ದಾಗ ನೋಡಿಕೊಂಡು ಬಂದೆ. ಮಂಡಿನೋವು ಹೆಚ್ಚಾಗಿದೆ, ಪಕ್ಕದ ಮನೆಯವರ ಜೊತೆ ಚರಂಡಿಯ ಜಗಳ ನಡೆಯುತ್ತಿದೆ. ಪಿರ್ಕ್ಕೊ ತನ್ನ ಊರಿಗೆ ಬನ್ನಿ ಎಂದು ಎಷ್ಟೋ ಸಲ ಕರೆದಳಂತೆ.

"ಹೋಗ್ಬಾರದಿತ್ತಾ ಅಕ್ಕ?" ಎಂದೆ.

"ಹೋಗಿ? ಆ ಚಳೀಲಿ ಹೇಗೆ ಕೂರ್ಬೇಕು, ಎಲ್ಲಿ ಕಾಲಿಡ್ಬೇಕು ಅಂತ ನನಗೆ ಆರು ವಾರ ಹೇಳಿಕೊಡೋರು ಯಾರಿದಾರೆ ಅಲ್ಲಿ?"

ಅಷ್ಟರಲ್ಲಿ ಅಂಗಳದಲ್ಲಿ ಒಣಹಾಕಿದ್ದ ಸಾಬೂದಾನಿಗೆ ಕೋಳಿಗಳು ಬಾಯಿ ಹಾಕಿದವು. ಅವರು ಮಂಡಿ ಹಿಡಿದುಕೊಂಡು ಎದ್ದು ಓಡಿಸಲು ಹೋದರು.