ಸಂಪಂಗಿಯಣ್ಣ ತಮ್ಮದಲ್ಲ ಎಂದ ಗೋಲ್

ಸಂಪಂಗಿಯಣ್ಣ ಇಂದು ಮಧ್ಯಾಹ್ನ ತೀರಿಕೊಂಡರು.
ಫೋನ್ ಮಾಡಿ ತಿಳಿಸಿದವರು ಅವರ ಮಗಳು ರೇಖಾ.
ನಂಬಲಾಗದೆ ಹತ್ತು ನಿಮಿಷ ಬಿಟ್ಟು ನಾನೇ ಮತ್ತೆ ಫೋನ್ ಮಾಡಿದೆ...
ಅದೇ ಉತ್ತರ.
ಹೃದಯಾಘಾತ.

ನಮ್ಮ ಕಾರ್ಖಾನೆ ಫುಟ್‌ಬಾಲ್ ತಂಡದ ಸ್ಟ್ರೈಕರ್. ಒಂಬತ್ತನೇ ನಂಬರ್ ಜೆರ್ಸಿ.
ಶ್ರೀನಗರದ ಮನೆಯಿಂದ ಸೈಕಲ್‌ನಲ್ಲಿ ಪ್ರಾಕ್ಟೀಸ್‌ಗೆ ಬರುತ್ತಿದ್ದರು.
ಬಾಲ್ ಎಲ್ಲಿ ಬೀಳುತ್ತದೆ ಎಂದು ನಾವು ನೋಡುವಷ್ಟರಲ್ಲಿ ಅವರು ಅಲ್ಲಿರುತ್ತಿದ್ದರು...
ಎಡಗಾಲು, ಬಲಗಾಲು, ತಲೆ. ಯಾವುದಾದರೂ ಸರಿ.

ಒಮ್ಮೆ ಎದುರಾಳಿ ಗೋಲ್‌ಕೀಪರ್ ನೆಟ್‌ನಿಂದ ಬಾಲ್ ಎತ್ತಿಕೊಳ್ಳುತ್ತಾ ಕೇಳಿದ:
"ಯಾವಾಗ ರಿಟೈರ್ ಆಗ್ತೀಯ ಗುರು?"
"ನಂದು ಒಂದಾದ್ರೂ ಹಿಡಿ. ಅವತ್ತೇ" ಎಂದರು.
ಆಮೇಲೂ ಎಷ್ಟೋ ವರ್ಷ ಆಡಿದರು.

ನಾನು ಆಗ ಟೆಂಪರರಿ. ಹೆಚ್ಚಾಗಿ ಬೆಂಚ್.
ಆಟಗಾರರ ಕೋಟಾದಲ್ಲಿ ಕೆಲಸ ಖಾಯಂ ಆಗಬೇಕಾದರೆ ಅರ್ಜಿಯ ಜೊತೆ ಪೇಪರ್ ಕಟಿಂಗ್ ಇಡಬೇಕಿತ್ತು. ಅದರಲ್ಲಿ ನಮ್ಮ ಹೆಸರಿರಬೇಕು.
ನನ್ನ ಬಳಿ ಒಂದೂ ಇರಲಿಲ್ಲ... ಅರ್ಜಿ ಕೊಡಲು ಅದೇ ಕೊನೆಯ ವಾರ.

ತಂಡಕ್ಕೆ ಇದ್ದದ್ದು ಒಂದೇ ಸೆಟ್ ಜೆರ್ಸಿ.
ಹೊರಗೆ ಬರುವವನು ಬಿಚ್ಚಿ ಕೊಟ್ಟದ್ದನ್ನೇ ಒಳಗೆ ಹೋಗುವವನು ಹಾಕಿಕೊಳ್ಳಬೇಕು.
ಆ ವಾರದ ಮ್ಯಾಚ್‌ನಲ್ಲಿ ಸಂಪಂಗಿಯಣ್ಣನ ಕಾಲು ಉಳುಕಿತು. ಬೆವರಿನ ಜೆರ್ಸಿ ನನ್ನ ಮೇಲೆ ಎಸೆದರು.
"ಹಾಕ್ಕೊಳ್ಳೋ ಪ್ರಸಾದ. ಅದರೊಳಗೆ ಇನ್ನೊಂದು ಗೋಲ್ ಉಳಿದಿದೆ."

ಹೊಡೆದೆ. ಗೆದ್ದೆವು.
ಮರುದಿನ ಪೇಪರ್‌ನಲ್ಲಿ: ಸಂಪಂಗಿಯ ಗೋಲಿನಿಂದ ಗೆಲುವು.

ವರದಿಗಾರರನ್ನು ಹೇಗೆ ದೂರುವುದು?
ಒಂಬತ್ತನೇ ನಂಬರ್ ಗೋಲ್ ಹೊಡೆದರೆ ಹೆಸರು ಕೇಳುವ ಅಭ್ಯಾಸವೇ ಊರಿಗೆ ತಪ್ಪಿಹೋಗಿತ್ತು...

ಅಣ್ಣಾ, ಆ ಬೆಳಿಗ್ಗೆ ನೀವು ಊದಿದ ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು, ನನ್ನನ್ನು ಬಸ್ ಹತ್ತಿಸಿ, ಪತ್ರಿಕೆ ಆಫೀಸಿಗೆ ಕರೆದುಕೊಂಡು ಹೋದಿರಿ.
ಕ್ರೀಡಾ ವಿಭಾಗದವರು ನಿಮ್ಮನ್ನು ನೋಡಿ ಎದ್ದು ನಿಂತರು.
"ಏನ್ ಸಾರ್, ನಿಮ್ಮ ಹೆಸರು ಹಾಕಿದೀವಲ್ಲ?"
"ಅದೇ ತಪ್ಪಾಗಿರೋದು. ಆ ಗೋಲ್ ಆದಾಗ ನಾನು ಕಾಲಿಗೆ ಐಸ್ ಇಟ್ಕೊಂಡು ಬೆಂಚಲ್ಲಿದ್ದೆ. ಹೊಡೆದಿದ್ದು ಇವನು."
"ಒಂದ್ ಗೋಲ್‌ಗೆ ಇಷ್ಟು ದೂರ ಬಂದ್ರಾ ಸಾರ್?"
"ನನಗದು ಇನ್ನೊಂದು ಗೋಲು. ಇವನಿಗೆ ಕೆಲಸ."

ಮೆಟ್ಟಿಲು ಇಳಿಯುವಾಗ ನನಗೆ ಅಳು ಬಂತು.
ನೀವು ಬೆನ್ನಿಗೆ ಗುದ್ದಿದಿರಿ.
"ಬೀಗಬೇಡ ಮಗಾ. ಗೋಲ್‌ಕೀಪರ್ ಜಾರಿ ಬಿದ್ದಿದ್ದ. ನಮ್ಮಜ್ಜಿನೂ ಹೊಡೀತಿದ್ರು."

ಎರಡೇ ಸಾಲಿನ ತಿದ್ದುಪಡಿ ಬಂತು. ಅದನ್ನೇ ಕತ್ತರಿಸಿ ಅರ್ಜಿಗೆ ಅಂಟಿಸಿದೆ.
ಖಾಯಂ ಆಯಿತು.
ಅದೇ ಕಾರ್ಖಾನೆಯಲ್ಲಿ ದುಡಿದು, ಜೆ.ಪಿ. ನಗರದಲ್ಲಿ ಸಂಸಾರ ಹೂಡಿ, ಹೋದ ವರ್ಷ ನಿವೃತ್ತನಾದೆ.

ನಿಮ್ಮಷ್ಟು ಗೋಲ್ ಹೊಡೆದವರನ್ನು ನಮ್ಮ ಮೈದಾನಗಳಲ್ಲಿ ನಾನು ನೋಡಿಲ್ಲ, ಅಣ್ಣಾ.
ಅಷ್ಟು ಹೊಡೆದೂ, ತಮ್ಮದಲ್ಲದ ಒಂದನ್ನು ಹೆಸರಿನಲ್ಲಿ ಇಟ್ಟುಕೊಳ್ಳಲು ಒಪ್ಪದವರನ್ನೂ ನೋಡಿಲ್ಲ...

ಕಾಲುಗಳಿಗೆ ಇನ್ನು ವಿಶ್ರಾಂತಿ ಸಿಗಲಿ. ಆ ದೊಡ್ಡ ಜೀವ ತಣ್ಣಗಿರಲಿ.
ಹೋಗಿ ಬನ್ನಿ ಅಣ್ಣಾ. 🙏

ನಾಳೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಶ್ರೀನಗರದ ಮನೆಯಲ್ಲಿ ಅಂತಿಮ ದರ್ಶನ.
ಹನ್ನೊಂದಕ್ಕೆ ಬನಶಂಕರಿ ಚಿತಾಗಾರದಲ್ಲಿ ಅಂತ್ಯಕ್ರಿಯೆ.