ಬಾಯಲ್ಲಿ ಹೇಳಬಾರದ ಹೆಸರು

ಭಟ್ಕಳದಿಂದ ಬೆಳಗಿನ ಬಸ್ಸು ಹಿಡಿದೆ. ಕುಮಟೆಯ ಹೈಸ್ಕೂಲು ಮಕ್ಕಳಿಗೆ ಮತದಾನದ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ಎರಡನೆಯ ಮಳೆಗಾಲ ಮುಗಿದಿತ್ತು. ಇಪ್ಪತ್ತೊಂದು ತುಂಬಿದವರೆಲ್ಲರ ಹೆಸರನ್ನು ಊರೂರಲ್ಲಿ ಬರೆದುಕೊಳ್ಳುತ್ತಿದ್ದರು. ಮಾವಳ್ಳಿ ದಾಟುವಷ್ಟರಲ್ಲಿ ಧೂಳು ಕುಡಿದು ನನ್ನ ಭಾಷಣ ಅರ್ಧ ಮರೆತೇ ಹೋಯಿತು.

ಕಾಸರಕೋಡಿನಲ್ಲಿ ಬಸ್ಸಿಳಿದರೆ ಶರಾವತಿ ದಾಟಲು ತಾರಿ ದೋಣಿಯೇ ಗತಿ. ಇಳಿತದ ಹೊತ್ತು, ಉಬ್ಬರಕ್ಕೆ ನೀರು ಏರುವ ತನಕ ದೋಣಿ ಬಿಡುವುದಿಲ್ಲ ಎಂದ ಅಂಬಿಗ. ಒಂದಾಣೆಯ ಚಾ ಕುಡಿದು, ಅವಲಕ್ಕಿ ತಿಂದು ಕೂತೆ.

ದಡದ ಚಪ್ಪರದಲ್ಲಿ ಶಾನಭೋಗರು ಹೆಸರು ಬರೆಯುತ್ತಿದ್ದರು. ಎದುರಿಗೆ ನಿಂತಿದ್ದವಳು ಮಾದೇವಿ, ನಾನು ವಾರಕ್ಕೊಮ್ಮೆ ಬಂದು ಕಲಿಸುವ ಇಲ್ಲಿಯ ರಾತ್ರಿಶಾಲೆಯಲ್ಲಿ ನನ್ನ ಹತ್ತಿರವೇ ಅಕ್ಷರ ಕಲಿತವಳು. ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಗಂಡನ ಹೆಸರು ಕೇಳಿದ್ದೇ ತಡ, ತಲೆ ತಗ್ಗಿಸಿದಳು. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ; ಅವನೋ ಆ ಹೊತ್ತಿಗೆ ಕಡಲಲ್ಲಿದ್ದ. ಅವರವರೇ ಹೇಳಬೇಕು, ಇಲ್ಲಿ ಇವತ್ತೇ ಕೊನೆ, ಇಲ್ಲದಿದ್ದರೆ ವೋಟಿಲ್ಲ ಎಂದರು ಶಾನಭೋಗರು. ನನಗೆ ರೇಗಿತು. ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲೇ ಎಂದು ಬೈದೆ. ಅವಳ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಮೀನು ಒಣಹಾಕುತ್ತಿದ್ದ ಅವಳ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದಳು. ಬಂತಪ್ಪ ಇನ್ನೊಂದು ಅಡ್ಡಿ ಅಂದುಕೊಂಡೆ.

"ಅಕ್ಕೋರೆ, ಹುಡುಗಿಗೆ ಎಂತಕ್ಕೆ ಬೈತ್ರಿ? ಬಾಯಲ್ಲಿ ಹೇಳೂಕಾಗ, ಅಷ್ಟೇ. ಬರೀಬಾರ್ದು ಅಂತ ಯಾರೂ ಹೇಳ್ಲಿಲ್ಲ."

ಮಾದೇವಿ ಪೆನ್ಸಿಲ್ ಇಸಿದುಕೊಂಡು ದುಂಡಗೆ ಬರೆದಳು. ಶಾನಭೋಗರು ಓದಿ, ಆತು ಎಂದರು.

ಅತ್ತೆ ಹೋಗಲಿಲ್ಲ. ನನ್ನದೂ ಬರೆದುಕೊಳ್ಳಿ ಎಂದಳು. ಅವಳ ಗಂಡ ಎಷ್ಟೋ ವರ್ಷದ ಹಿಂದೆ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಆ ಹೆಸರು ಹೇಳಲು ಇನ್ನು ಯಾವ ಭಯ? ಆದರೂ ಅವಳಿಗೆ ಬಾಯಿ ಬರಲಿಲ್ಲ. ಸೊಸೆಯೂ ಮಾವನ ಹೆಸರು ಹೇಳುವಂತಿಲ್ಲ. ಅದನ್ನೂ ಬರೆದೇ ಕೊಟ್ಟಳು; ಅತ್ತೆ ಎದುರಿಗೇ ನಿಂತಿದ್ದರಿಂದ ಶಾನಭೋಗರು ಒಪ್ಪಿಕೊಂಡರು. ಆ ಹಾಳೆಯಲ್ಲಿ ಅವರ ಹೆಸರು ಯಾವುದು ಎಂದು ಅತ್ತೆ ಕೇಳಿದಳು. ಸೊಸೆ ಬೆರಳಿಟ್ಟು ತೋರಿಸಿದಳು. ಎರಡೇ ಅಕ್ಷರ. ಮುದುಕಿ ಬಹಳ ಹೊತ್ತು ನೋಡಿದಳು.

ನೀರು ಏರಿದ ಮೇಲೆ ಹೊಳೆ ದಾಟಿ, ಹೊನ್ನಾವರದಲ್ಲಿ ಇನ್ನೊಂದು ಬಸ್ಸು ಹಿಡಿದು ಕುಮಟೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಭಾಷಣ ಬಿಟ್ಟು ಇದನ್ನೇ ಹೇಳಿದೆ. ನಿಮಗಿನ್ನೂ ವೋಟಿಲ್ಲ, ಅಕ್ಷರವಿದೆ. ನಿಮ್ಮೂರಲ್ಲಿ ಬರೆಯುವುದು ಮುಗಿದಿಲ್ಲ, ಅಮ್ಮಂದಿರ ಜೊತೆ ಹೋಗಿ ಬರೆದುಕೊಡಿ ಎಂದೆ.

ಮರುದಿನ ವಾಪಸು ಬರುವಾಗ ತಾರಿಯ ದಡದಲ್ಲಿ ಆ ಅತ್ತೆ ನನಗಾಗಿಯೇ ಕಾದಿದ್ದಳು.

"ಅಕ್ಕೋರೆ, ರಾತ್ರಿಶಾಲೆಗೆ ಮುದುಕೀರ್ನ ಸೇರಿಸ್ಕಂತ್ರಾ? ಮುಂದಿನ ಸಲ ಅವ್ರ ಹೆಸ್ರು ನಾನೇ ಬರೀಬೇಕು."